ಅಲಾಸ್ಕಾದ ಕರಡಿ ಕಾಡಿಗೆ ಯಾವ ಪಿಸ್ತೂಲು?

ಅಲಾಸ್ಕಾದಲ್ಲಿ ಚಾರಣಕ್ಕೆ ಹೊರಟವರು ಎದೆಗೆ ಪಿಸ್ತೂಲು ಕಟ್ಟಿಕೊಂಡು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಕಂದು ಕರಡಿ, ಕಪ್ಪು ಕರಡಿ ಎರಡೂ ಇರುವ ಕಾಡು ಅದು. ಅಮೆರಿಕದಲ್ಲಿ ನೆಲೆಸಿದ ನಮ್ಮವರೂ ಡೆನಾಲಿ, ಕೆನಾಯ್ ಕಡೆ ಹೋಗುತ್ತಾರೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು, ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು, ಒಳ್ಳೆಯದು ಅಂತ. ಅದಕ್ಕೂ ಮೊದಲು ಬೇರೆ ಎರಡು ಕೆಲಸ ಇವೆ.

ಮೊದಲನೆಯದು ವೀಸಾ. ಎಚ್-1ಬಿ, ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. 21 ವರ್ಷ ತುಂಬಿದವರು ಪಿಸ್ತೂಲು ಒಯ್ಯಲು ಅಲಾಸ್ಕಾದಲ್ಲಿ ಪ್ರತ್ಯೇಕ ಪರ್ಮಿಟ್ ಬೇಕಿಲ್ಲ. 2010ರಿಂದ ರಾಷ್ಟ್ರೀಯ ಉದ್ಯಾನಗಳಲ್ಲೂ ಆಯಾ ರಾಜ್ಯದ ಕಾನೂನಿನಂತೆ ಒಯ್ಯಬಹುದು. ಒಯ್ಯಬಹುದು ಅಂದ ಮಾತ್ರಕ್ಕೆ ಸುಮ್ನೆ ಹಾರಿಸಬಹುದು ಅಂತಲ್ಲ. ಕೆನಡಾದ ಉದ್ಯಾನಗಳಿಗೂ ಹೋಗುವ ಯೋಚನೆ ಇದ್ದರೆ ಪಿಸ್ತೂಲನ್ನು ಮರೆತುಬಿಡಿ.

ಎರಡನೆಯದು ಬೇರ್ ಸ್ಪ್ರೇ, ಅಂದರೆ ನುಗ್ಗಿ ಬರುವ ಕರಡಿಯ ಮುಖಕ್ಕೆ ಸಿಂಪಡಿಸುವ ಮೆಣಸಿನ ಖಾರದ ಸ್ಪ್ರೇ. ಅಲಾಸ್ಕಾದ ಹಳೆಯ ಪ್ರಕರಣಗಳನ್ನು ಜಾಲಾಡಿದ ಸಂಶೋಧಕರ ಪ್ರಕಾರ, ಕಂದು ಕರಡಿಗಳ ಮೇಲೆ ಸ್ಪ್ರೇ 92% ಸಂದರ್ಭಗಳಲ್ಲಿ ಕೆಲಸ ಮಾಡಿತ್ತು. ಇದು 2008ರ ಅಧ್ಯಯನ. 2012ರಲ್ಲಿ ಅವರೇ ಬಂದೂಕಿನ ಲೆಕ್ಕ ತೆಗೆದಾಗ ಪಿಸ್ತೂಲು, ರಿವಾಲ್ವರ್‌ಗಳಿಗೆ ಸಿಕ್ಕಿದ್ದು 84%. ಸಂದರ್ಭಗಳು ಬೇರೆ ಬೇರೆ, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ನನ್ನ ಮಾತು ಕೇಳುವುದಾದರೆ ಮೊದಲು ಸ್ಪ್ರೇ ಕೊಳ್ಳಿ, ಪಿಸ್ತೂಲು ಆಮೇಲೆ. ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಆಂಕರೇಜ್‌ನಲ್ಲಿ ಇಳಿದ ಮೇಲೆ ಕೊಳ್ಳಬೇಕು.

ಈಗ ಕ್ಯಾಲಿಬರ್. ಅಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಎರಡು: .44 ಮ್ಯಾಗ್ನಮ್ ರಿವಾಲ್ವರ್ ಮತ್ತು 10 ಎಂಎಂ ಪಿಸ್ತೂಲು. ಗುಂಡಿನ ಬಲದಲ್ಲಿ .44 ಮುಂದು. ಆದರೆ ಅದರಲ್ಲಿ ಸಾಮಾನ್ಯವಾಗಿ ಆರೇ ಗುಂಡು. ಹಾರಿಸಿದಾಗ ಕೈಯನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ, ಎರಡನೇ ಗುಂಡಿಗೆ ಗುರಿ ಹಿಡಿಯುವಷ್ಟರಲ್ಲಿ ತಡವಾಗುತ್ತದೆ. 10 ಎಂಎಂನ ಗ್ಲಾಕ್ 20ರಲ್ಲಿ 15 ಗುಂಡು ಹಿಡಿಯುತ್ತವೆ, ಒದೆತವೂ ಕಡಿಮೆ. ಹಿಮಕರಡಿಗಳ ನಡುವೆ ಓಡಾಡುವ ಗ್ರೀನ್‌ಲ್ಯಾಂಡಿನ ಡ್ಯಾನಿಶ್ ಸಿರಿಯಸ್ ಗಸ್ತುಪಡೆ ನೆಚ್ಚಿಕೊಂಡಿದ್ದೂ ಇದನ್ನೇ. ಕರಡಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. 30 ಮೀಟರ್ ದೂರದಲ್ಲಿ ಕಂಡರೆ ನಿಮಗೆ ಸಿಗುವುದು ಎರಡೇ ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಗುರಿ ತಪ್ಪುವ ದೊಡ್ಡ ಗುಂಡಿಗಿಂತ ತಗಲುವ ಚಿಕ್ಕ ಗುಂಡೇ ವಾಸಿ, ಅಲ್ವಾ? ಬಂದೂಕಿಗೆ ಹೊಸಬರಾದರೆ .44 ಕಡೆ ಹೋಗಲೇಬೇಡಿ.

ಗುಂಡಿನ ಬಗೆಯೂ ಮುಖ್ಯ. ಮನೆಯ ಕಾವಲಿಗೆ ಮಾರುವ ಹಾಲೋ ಪಾಯಿಂಟ್ ಗುಂಡು ಮೈಯೊಳಗೆ ಅರಳಿ ಬೇಗ ನಿಂತುಬಿಡುತ್ತದೆ. ಕರಡಿಯ ದಪ್ಪ ಚರ್ಮ, ಕೊಬ್ಬು, ಮೂಳೆ ದಾಟಬೇಕಾದರೆ ಅರಳದ, ಗಟ್ಟಿ ಸೀಸದ, ಚಪ್ಪಟೆ ಮೂತಿಯ ಗುಂಡು ಬೇಕು. ಅಂಗಡಿಯಲ್ಲಿ ಹಾರ್ಡ್ ಕಾಸ್ಟ್ ಅಂತ ಕೇಳಿ. ಕೊಂಡ ಮೇಲೆ ಅದೇ ಗುಂಡನ್ನು ನಿಮ್ಮ ಪಿಸ್ತೂಲಿನಲ್ಲಿ ಹಾರಿಸಿ ನೋಡಿ. ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ.

ಇನ್ನು ಹೋಲ್ಸ್ಟರ್, ಅಂದರೆ ಪಿಸ್ತೂಲು ಇಟ್ಟುಕೊಳ್ಳುವ ಚೀಲ. ಬೆನ್ನಿನ ಬ್ಯಾಗಿನ ಪಟ್ಟಿ ಸೊಂಟವನ್ನು ಮುಚ್ಚುವುದರಿಂದ ಅಲ್ಲಿ ಕಟ್ಟಿದ ಪಿಸ್ತೂಲು ಕೈಗೆ ಸಿಗದು. ಬ್ಯಾಗಿನೊಳಗೆ ಇಟ್ಟರಂತೂ ಇದ್ದೂ ಇಲ್ಲದಂತೆ. ಎದೆಯ ಮೇಲೆ ಕಟ್ಟುವ ಹೋಲ್ಸ್ಟರ್ ಕೊಳ್ಳಿ. ಮಳೆ ಜಾಕೆಟ್ ಹಾಕಿಕೊಂಡು, ಬ್ಯಾಗು ಹೊತ್ತುಕೊಂಡೇ ತೆಗೆಯುವ ಅಭ್ಯಾಸ ಮಾಡಿ. ಮೊದಮೊದಲು ಖಾಲಿ ಪಿಸ್ತೂಲಿನಲ್ಲಿ ಮಾಡಿ, ಆಮೇಲೆ ತರಬೇತುದಾರರ ಎದುರಿಗೆ.

ಜೀವ ಉಳಿಸಿಕೊಳ್ಳಲು ಕರಡಿಯನ್ನು ಕೊಲ್ಲಲೇಬೇಕಾಗಿ ಬಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಲಾಸ್ಕಾದ ನಿಯಮದಂತೆ ಅದರ ಚರ್ಮವನ್ನು ಉಗುರುಗಳ ಸಮೇತ ಸುಲಿದು, ತಲೆಬುರುಡೆಯೊಂದಿಗೆ ಮೀನು ಮತ್ತು ವನ್ಯಜೀವಿ ಇಲಾಖೆಗೆ ಒಪ್ಪಿಸಬೇಕು. ಕೂಡಲೇ ವಿಷಯ ತಿಳಿಸಿ, 15 ದಿನದೊಳಗೆ ಬರಹದಲ್ಲಿ ವರದಿ ಕೊಡಬೇಕು. ನೀವು ಊಟದ ಡಬ್ಬಿ, ಕಸ ಎಸೆದು ಕರಡಿಯನ್ನು ಕರೆಸಿಕೊಂಡಿದ್ದರೆ ಅದನ್ನು ಆತ್ಮರಕ್ಷಣೆ ಅಂತ ಒಪ್ಪುವುದಿಲ್ಲ.