ಸಣ್ಣ ಕ್ಲಬ್ಬಿನ ಸ್ಟ್ಯಾಂಡ್‌ಅಪ್ ಕಾಮಿಡಿಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಬಗೆ

ಬೆಂಗಳೂರಿನ ದೊಡ್ಡ ಸಭಾಂಗಣಗಳಲ್ಲಿ ಹೆಸರುವಾಸಿ ಕಾಮಿಡಿಯನ್ ಒಬ್ಬರು ಮೈಕ್ ಹಿಡಿದು ಒಬ್ಬರೇ ನಿಂತು ನಗಿಸುವ ಸ್ಟ್ಯಾಂಡ್‌ಅಪ್ ಕಾರ್ಯಕ್ರಮವೆಂದರೆ ಟಿಕೆಟ್ ದರ ಸಾವಿರ ರೂಪಾಯಿಯ ಆಸುಪಾಸಿಗೆ ಹೋಗುವುದು ಈಗ ಮಾಮೂಲು. ಆದರೆ ಅಲ್ಲಿ ಜನ ಬಿದ್ದು ಬಿದ್ದು ನಗುವ ಜೋಕುಗಳು ಆ ವೇದಿಕೆಯ ಮೇಲೆ ಹುಟ್ಟಿದವಲ್ಲ. ಅದಕ್ಕೂ ಹಲವು ತಿಂಗಳು ಮೊದಲೇ ಅವು ಕೋರಮಂಗಲದಲ್ಲೋ ಇಂದಿರಾನಗರದಲ್ಲೋ ಐವತ್ತು ಅರವತ್ತು ಕುರ್ಚಿ ಹಿಡಿಸುವ ಕೋಣೆಯೊಂದರಲ್ಲಿ, ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಬಂದವರ ಎದುರು ಹೇಳಿಸಿಕೊಂಡು, ಕೆಲವು ದಿನ ನಗು ಗಿಟ್ಟಿಸಿ, ಕೆಲವು ದಿನ ಮಕಾಡೆ ಮಲಗಿ, ಪದಪದವಾಗಿ ತಿದ್ದಿಸಿಕೊಂಡು ಬಂದಿರುತ್ತವೆ. ಸಣ್ಣ ಕ್ಲಬ್ಬಿನ ಟಿಕೆಟ್ ಅಗ್ಗವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಅಲ್ಲಿ ಕೂತವರು ಯಾವ ಮಾತಿಗೆ ನಗುತ್ತಾರೆ, ಯಾವ ಮಾತಿಗೆ ಸುಮ್ಮನಿರುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಕಲಾವಿದರ ಕಸುಬಿನ ಅಗತ್ಯ. ಇಷ್ಟನ್ನು ಅರಿತು ಹೋದರೆ ಇನ್ನೂರು ರೂಪಾಯಿಗೆ ಅದಕ್ಕಿಂತ ಒಳ್ಳೆಯ ಸಂಜೆ ಈ ನಗರದಲ್ಲಿ ಸುಲಭವಾಗಿ ಸಿಗುವುದಿಲ್ಲ. ಯೂಟ್ಯೂಬಿನಲ್ಲಿ ಕಂಡದ್ದೇ ಇಲ್ಲೂ ಸಿಗುತ್ತದೆಂದು ನಂಬಿ ಹೋದವರಿಗೆ ಮಾತ್ರ ಮೊದಲ ಅರ್ಧ ಗಂಟೆಯಲ್ಲೇ ನಿರಾಸೆಯಾಗುತ್ತದೆ.

ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಅದು ಯಾವ ಬಗೆಯ ಕಾರ್ಯಕ್ರಮ ಎಂಬುದನ್ನು ಗಮನವಿಟ್ಟು ಓದಬೇಕು. ಎಲ್ಲಕ್ಕಿಂತ ಅಗ್ಗದ್ದು ಓಪನ್ ಮೈಕ್. ಇದಕ್ಕೆ ಸಾಮಾನ್ಯವಾಗಿ ನೂರರಿಂದ ಇನ್ನೂರೈವತ್ತು ರೂಪಾಯಿಯವರೆಗೆ ದರವಿರುತ್ತದೆ, ಕೆಲವು ಕೆಫೆಗಳಲ್ಲಿ ಪ್ರವೇಶವೇ ಉಚಿತವಿರುತ್ತದೆ. ಹತ್ತು ಹನ್ನೆರಡು ಮಂದಿ ಒಬ್ಬರ ಹಿಂದೊಬ್ಬರು ಬಂದು ತಲಾ ನಾಲ್ಕೈದು ನಿಮಿಷ ಮಾತನಾಡುತ್ತಾರೆ. ಇವರಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಮೈಕ್ ಹಿಡಿದವರೂ ಇರುತ್ತಾರೆ, ಹತ್ತು ವರ್ಷದ ಅನುಭವಿಗಳು ಇಂದು ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸಲು ಬಂದಿರುವುದೂ ಉಂಟು. ಅದಕ್ಕಿಂತ ಮೇಲಿನ ಮೆಟ್ಟಿಲು ಲೈನ್‌ಅಪ್ ಶೋ: ಆಯೋಜಕರು ಆರಿಸಿ ಕರೆದ ನಾಲ್ಕೈದು ಕಲಾವಿದರು, ಪ್ರತಿಯೊಬ್ಬರಿಗೂ ಹತ್ತು ಹದಿನೈದು ನಿಮಿಷ, ಕೊನೆಗೆ ಅವರಲ್ಲೇ ಹೆಚ್ಚು ಪಳಗಿದವರು. ಇಲ್ಲಿ ಎಲ್ಲರೂ ಈಗಾಗಲೇ ಗೆದ್ದ ಸರಕನ್ನೇ ತರುತ್ತಾರೆ. ಮೂರನೆಯದು ಟ್ರಯಲ್ ಶೋ ಅಥವಾ ವರ್ಕ್ ಇನ್ ಪ್ರೋಗ್ರೆಸ್ ಎಂದು ಕರೆಯುವಂಥದ್ದು. ಹೆಸರು ಮಾಡಿದ ಕಲಾವಿದರು ತಮ್ಮ ಮುಂದಿನ ಪೂರ್ಣ ಪ್ರಮಾಣದ ಕಾರ್ಯಕ್ರಮವನ್ನು ಸಣ್ಣ ಕೋಣೆಯಲ್ಲಿ ಒರೆಗೆ ಹಚ್ಚುವ ತಾಲೀಮು ಇದು. ಸ್ಟೂಲಿನ ಮೇಲೆ ನೋಟ್‌ಬುಕ್ಕೋ ಫೋನೋ ಬಿದ್ದಿರುತ್ತದೆ, ನಡುನಡುವೆ ಅದನ್ನು ಇಣುಕಿ ನೋಡುತ್ತಾರೆ, ಜೋಕು ಎಡವಿದರೆ "ಇದನ್ನು ತೆಗೆದುಹಾಕಬೇಕು" ಎಂದು ಜೋರಾಗಿಯೇ ಹೇಳಿಕೊಂಡು ನಗಿಸುವವರೂ ಇದ್ದಾರೆ.

ನನ್ನ ಸಲಹೆ ಇಷ್ಟು: ಮೊದಲ ಬಾರಿಗೆ ಹೋಗುವವರು ಲೈನ್‌ಅಪ್ ಶೋ ಆರಿಸಿಕೊಳ್ಳಲಿ, ಎರಡನೆಯ ಬಾರಿ ತಮಗೆ ಮೆಚ್ಚುಗೆಯಾದವರ ಟ್ರಯಲ್ ಶೋಗೆ ಹೋಗಲಿ, ಓಪನ್ ಮೈಕಿಗೆ ಆಮೇಲೆ ಹೋದರೆ ಸಾಕು. ದರ ಕಡಿಮೆಯೆಂದು ಓಪನ್ ಮೈಕಿನಿಂದಲೇ ಶುರು ಮಾಡುವವರಲ್ಲಿ ಅನೇಕರು ಮತ್ತೆ ಕ್ಲಬ್ಬಿನ ಕಡೆ ತಲೆ ಹಾಕುವುದಿಲ್ಲ. ಅದು ಓಪನ್ ಮೈಕಿನ ತಪ್ಪಲ್ಲ. ಕಲಿಯುವವರನ್ನು ನೋಡುವುದರಲ್ಲಿ ಸುಖವಿದೆ, ಆದರೆ ಕಲಿತವರನ್ನು ನೋಡಿದ ಮೇಲಷ್ಟೇ ಆ ಸುಖ ದಕ್ಕುತ್ತದೆ. ವಾರದ ದಿನಗಳ ಪೈಕಿ ಮಂಗಳವಾರದಿಂದ ಗುರುವಾರದವರೆಗೆ ದರವೂ ಕಡಿಮೆ, ನೂಕುನುಗ್ಗಲೂ ಕಡಿಮೆ. ಆದರೆ ತೀರಾ ಖಾಲಿ ಕೋಣೆಯಲ್ಲಿ ಎಂಥ ಜೋಕೂ ಸೊರಗುತ್ತದೆಯಾದ್ದರಿಂದ, ಟಿಕೆಟ್ ಮಾರುವ ಆ್ಯಪ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಸನಗಳು ಭರ್ತಿಯಾಗಿರುವ ದಿನವನ್ನು ಹುಡುಕಿ ಕಾಯ್ದಿರಿಸುವುದು ಒಳ್ಳೆಯದು.

ಟಿಕೆಟ್ಟುಗಳು ಬಹುಮಟ್ಟಿಗೆ ಬುಕ್‌ಮೈಶೋ ಮತ್ತು ಡಿಸ್ಟ್ರಿಕ್ಟ್ ಆ್ಯಪ್‌ಗಳಲ್ಲಿ ಸಿಗುತ್ತವೆ. ಹಿಂದೆ ಪೇಟಿಎಂ ಇನ್‌ಸೈಡರ್‌ನಲ್ಲಿ ನೋಡುತ್ತಿದ್ದವರು ಈಗ ಡಿಸ್ಟ್ರಿಕ್ಟ್‌ನಲ್ಲಿ ಹುಡುಕಬೇಕು, ಏಕೆಂದರೆ 2024ರಲ್ಲಿ ಪೇಟಿಎಂನ ಟಿಕೆಟ್ ವ್ಯವಹಾರವನ್ನು ಜೊಮ್ಯಾಟೊ ಕೊಂಡುಕೊಂಡಿತು. ಆ್ಯಪ್ ಮೂಲಕ ಕೊಂಡರೆ ಟಿಕೆಟ್ ದರದ ಮೇಲೆ ಕನ್ವೀನಿಯನ್ಸ್ ಶುಲ್ಕ ಬೀಳುತ್ತದೆ. ಇನ್ನೂರು ರೂಪಾಯಿಯ ಟಿಕೆಟ್ಟಿಗೆ ಇದು ಕಣ್ಣಿಗೆ ಕುಕ್ಕುವಷ್ಟಾಗಬಹುದು. ಕ್ಲಬ್ಬಿನ ಅಥವಾ ಕಲಾವಿದರ ಇನ್‌ಸ್ಟಾಗ್ರಾಂ ಪುಟದಲ್ಲಿ ನೇರ ಯುಪಿಐ ಮೂಲಕ ಕೊಳ್ಳುವ ಅವಕಾಶವೋ ರಿಯಾಯಿತಿ ಕೋಡೋ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಆ್ಯಪ್‌ಗೆ ಹೋಗಿ.

ಖರ್ಚು ಕೈಮೀರುವುದು ಟಿಕೆಟ್ಟಿನಿಂದಲ್ಲ, ಊಟ ಮತ್ತು ಪ್ರಯಾಣದಿಂದ. ಕೆಲವು ಕಡೆ ಕಾರ್ಯಕ್ರಮ ನಡೆಯುವುದು ಬಾರ್ ಅಥವಾ ಬ್ರೂವರಿಯ ಮೇಲಂತಸ್ತಿನಲ್ಲಿ, ಅಂಥಲ್ಲಿ ಟಿಕೆಟ್ಟಿನ ಜೊತೆಗೆ ಕವರ್ ಚಾರ್ಜ್ ಎಂಬುದೊಂದು ಇರುತ್ತದೆ. ಅದು ಊಟ ಪಾನೀಯದ ಬಿಲ್ಲಿನಲ್ಲಿ ವಜಾ ಆಗುವ ಹಣವೋ ಸುಮ್ಮನೆ ಹೋಗುವ ಹಣವೋ ಎಂಬುದನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರ ಇನ್ನೊಂದು ರೂಪ ಪರಿಚಿತವೇ: ಅಲ್ಲಿನ ಕ್ಲಬ್ಬುಗಳಲ್ಲಿ ಟಿಕೆಟ್ ಎಷ್ಟೇ ಅಗ್ಗವಾಗಿರಲಿ, ಕೂತವರು ಕನಿಷ್ಠ ಎರಡು ಪದಾರ್ಥಗಳನ್ನು ತರಿಸಿಕೊಳ್ಳಲೇಬೇಕೆಂಬ ನಿಯಮ ಬಹಳ ಕಡೆ ಇದೆ. ನಮ್ಮಲ್ಲಿ ಕಾಮಿಡಿಗೆಂದೇ ಇರುವ ಕ್ಲಬ್ಬುಗಳಲ್ಲಿ ಇಂಥ ಒತ್ತಾಯ ಅಷ್ಟಾಗಿ ಇಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ತೆಗೆಸಿಹಾಕುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ಅದನ್ನು ಕಡ್ಡಾಯವಾಗಿ ಹೇರುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಇಷ್ಟೆಲ್ಲ ತಾಪತ್ರಯವೇ ಬೇಡವೆಂದರೆ ಏಳು ಗಂಟೆಗೆ ಹತ್ತಿರದ ದರ್ಶಿನಿಯಲ್ಲಿ ತಿಂಡಿ ಮುಗಿಸಿ ಹೋಗಿ. ಹೊಟ್ಟೆ ತುಂಬಿದವರು ಚೆನ್ನಾಗಿ ನಗುತ್ತಾರೆ, ಮತ್ತು ಪಕ್ಕದವರ ತಟ್ಟೆಯ ಚಮಚದ ಸದ್ದು ಪಂಚ್‌ಲೈನಿನ ಮೇಲೆ ಬೀಳುವುದೂ ತಪ್ಪುತ್ತದೆ.

ಭಾಷೆಯ ವಿಷಯದಲ್ಲಿ ಉದಾಸೀನ ಬೇಡ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಥವಾ ಹಿಂದಿ ಕಾರ್ಯಕ್ರಮಗಳು, "ಹಿಂಗ್ಲಿಷ್" ಎಂದು ಬರೆದಿದ್ದರೆ ಅರ್ಧಕ್ಕಿಂತ ಹೆಚ್ಚು ಹಿಂದಿಯೇ ಇರುತ್ತದೆಂದು ತಿಳಿಯಬಹುದು. ಕನ್ನಡದಲ್ಲಿ ನೋಡಬೇಕೆನ್ನುವವರಿಗೆ ಈಗ ಆಯ್ಕೆಗಳಿಗೆ ಬರವಿಲ್ಲ. ಲೋಲ್‌ಬಾಗ್ ತಂಡದ ಅನೂಪ್ ಮೈಯ, ಪವನ್ ವೇಣುಗೋಪಾಲ್, ನಿರೂಪ್ ಮೋಹನ್, ಕಾರ್ತಿಕ್ ಪತ್ತಾರ್ ಅವರೂ ಸೋನು ವೇಣುಗೋಪಾಲ್ ಅವರೂ ಕನ್ನಡ ಸ್ಟ್ಯಾಂಡ್‌ಅಪ್‌ಗೆ ತನ್ನದೇ ಪ್ರೇಕ್ಷಕರನ್ನು ಕಟ್ಟಿಕೊಟ್ಟವರಲ್ಲಿ ಪ್ರಮುಖರು. ಇವರ ನಂತರ ಬಂದ ಹೊಸಬರು ಸಣ್ಣ ವೇದಿಕೆಗಳಲ್ಲಿ ನಿಯಮಿತವಾಗಿ ಕಾಣಸಿಗುತ್ತಾರೆ. ಧಾರವಾಡದ ಮಾತಿನ ಧಾಟಿ, ಕುಂದಾಪುರದ ರಾಗ, ಮೈಸೂರಿನ ನಿಧಾನ ಇವೆಲ್ಲ ಹತ್ತು ಅಡಿ ದೂರದಿಂದ ಕೇಳುವಾಗ ಸಿಗುವ ಸೊಗಸು ಮೊಬೈಲ್ ಪರದೆಯಲ್ಲಿ ಸಿಗುವುದಿಲ್ಲ.

ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂಬುದನ್ನೂ ಯೋಚಿಸಬೇಕು. ನಮ್ಮ ಮನೆಗಳಲ್ಲಿ ಹಾಸ್ಯ ಕಾರ್ಯಕ್ರಮವೆಂದರೆ ಪ್ರೊ. ಕೃಷ್ಣೇಗೌಡರೋ ಗಂಗಾವತಿ ಪ್ರಾಣೇಶರೋ ಮಾತನಾಡುವ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೂತು ಕೇಳುವ ಹಾಸ್ಯಸಂಜೆ ಎಂಬ ಕಲ್ಪನೆ ಗಟ್ಟಿಯಾಗಿದೆ. ಕ್ಲಬ್ಬಿನ ವಾತಾವರಣ ಬೇರೆ. ಅಲ್ಲಿ ಬೈಗುಳ ಬರುತ್ತದೆ, ಲೈಂಗಿಕ ವಿಷಯ ಬರುತ್ತದೆ, ಜಾತಿ, ಧರ್ಮ, ಮದುವೆ ಯಾವುದನ್ನೂ ಮಡಿಯಲ್ಲಿ ಇಟ್ಟಿರುವುದಿಲ್ಲ. ಟಿಕೆಟ್ ಪುಟದಲ್ಲಿ 16+ ಅಥವಾ 18+ ಎಂದಿರುವುದು ಅಲಂಕಾರಕ್ಕಲ್ಲ. ಅಪ್ಪ ಅಮ್ಮನನ್ನು ಕರೆದೊಯ್ಯುವುದಿದ್ದರೆ "ಕ್ಲೀನ್ ಕಾಮಿಡಿ" ಎಂದು ಸ್ಪಷ್ಟವಾಗಿ ಬರೆದಿರುವ ಕಾರ್ಯಕ್ರಮವನ್ನೇ ಆರಿಸಿ. ಇಲ್ಲದಿದ್ದರೆ ನೀವೂ ನಗಲಾರಿರಿ, ಅವರೂ ನಗಲಾರರು, ಮನೆಗೆ ಬರುವವರೆಗೆ ಕಾರಿನಲ್ಲಿ ಯಾರೂ ಮಾತನಾಡಲಾರರು.

ಕಾರ್ಯಕ್ರಮ ಎಂಟಕ್ಕೆ ಎಂದಿದ್ದರೆ ಏಳೂ ನಲವತ್ತಕ್ಕೆ ಬಾಗಿಲಲ್ಲಿರಬೇಕು. ಬಹುತೇಕ ಸಣ್ಣ ಕ್ಲಬ್ಬುಗಳಲ್ಲಿ ಆಸನಗಳಿಗೆ ಸಂಖ್ಯೆ ಇರುವುದಿಲ್ಲ, ಬಂದವರು ಬಂದ ಹಾಗೆ ಕೂರುತ್ತಾರೆ ಅಥವಾ ಬಾಗಿಲಲ್ಲಿರುವವರು ಕೂರಿಸುತ್ತಾರೆ. ಅವರು ಮುಂದೆ ಹೋಗಿ ಎಂದರೆ ಹೋಗುವುದೇ ಸರಿ. ಕೋಣೆ ಚಿಕ್ಕದಾಗಿ, ಚಾವಣಿ ತಗ್ಗಿ, ಕುರ್ಚಿಗಳು ಒತ್ತೊತ್ತಾಗಿದ್ದು, ವೇದಿಕೆಯೊಂದನ್ನು ಬಿಟ್ಟು ಉಳಿದೆಡೆ ಕತ್ತಲಿರುವುದಕ್ಕೆಲ್ಲ ಕಾರಣವಿದೆ. ನಗು ಒಬ್ಬರಿಂದ ಒಬ್ಬರಿಗೆ ಹಬ್ಬುವಂಥದ್ದು, ತನ್ನನ್ನು ಯಾರೂ ನೋಡುತ್ತಿಲ್ಲ ಎನಿಸಿದಾಗ ಮನುಷ್ಯ ಹೆಚ್ಚು ನಿರಾಳವಾಗಿ ನಗುತ್ತಾನೆ. ಮುಂದಿನ ಎರಡು ಸಾಲು ಖಾಲಿ ಬಿದ್ದರೆ ಕಲಾವಿದರ ಮಾತು ಆ ಖಾಲಿಯನ್ನು ದಾಟಿ ಬರುವಷ್ಟರಲ್ಲಿ ಅರ್ಧ ಕಸುವು ಕಳೆದುಕೊಳ್ಳುತ್ತದೆ. ಮಾತನಾಡಿಸಿಕೊಳ್ಳಲು ಸಂಕೋಚಪಡುವವರಿಗೆ ಎರಡನೆಯ ಸಾಲಿನ ಅಥವಾ ಮೂರನೆಯ ಸಾಲಿನ ನಡುಭಾಗ ಹೇಳಿ ಮಾಡಿಸಿದ ಜಾಗ, ವೇದಿಕೆಯ ಬೆಳಕು ಅಲ್ಲಿಯವರೆಗೆ ಅಷ್ಟಾಗಿ ಚೆಲ್ಲುವುದಿಲ್ಲ. ತಡವಾಗಿ ಬಂದು ಎಲ್ಲರ ಮೊಣಕಾಲು ದಾಟಿಕೊಂಡು ಹೋಗುವವರು ಮಾತ್ರ ಎಲ್ಲಿ ಕೂತರೂ ಮುಂದಿನ ಐದು ನಿಮಿಷದ ವಸ್ತುವಾಗುತ್ತಾರೆ.

ಮೊದಲು ಬರುವವರು ನಿರೂಪಕರು, ಹೋಸ್ಟ್. "ಎಲ್ಲಿಂದ ಬಂದಿದ್ದೀರಿ, ಏನು ಕೆಲಸ, ಜೊತೆಗಿರುವವರು ಯಾರು" ಎಂದು ನಾಲ್ಕೈದು ಜನರನ್ನು ಕೇಳುತ್ತಾರೆ. ಇದಕ್ಕೆ ಕ್ರೌಡ್ ವರ್ಕ್ ಎನ್ನುತ್ತಾರೆ, ಚದುರಿ ಕೂತ ಅಪರಿಚಿತರನ್ನು ಒಂದೇ ಗುಂಪಾಗಿಸುವುದು ಇದರ ಉದ್ದೇಶ. ನಿಮ್ಮ ಸರದಿ ಬಂದರೆ ಚಿಕ್ಕದಾಗಿ, ನಿಜವಾದ ಉತ್ತರ ಕೊಟ್ಟರೆ ಸಾಕು. ಸಾಫ್ಟ್‌ವೇರಿನಲ್ಲಿ ಕೆಲಸವಾದರೆ ಸಾಫ್ಟ್‌ವೇರ್ ಎನ್ನಿ, ಆ ಉತ್ತರಕ್ಕೆ ಅವರ ಬಳಿ ಹತ್ತು ಜೋಕು ಸಿದ್ಧವಿರುತ್ತವೆ. ತಾವೇ ತಮಾಷೆ ಮಾಡಲು ಹೊರಡುವವರಿಂದ ಮಾತು ಹಳಿ ತಪ್ಪುತ್ತದೆ. ಕೇಳದೆ ನಡುವೆ ಬಾಯಿ ಹಾಕುವುದಂತೂ ಕೂಡದು. ಹೀಗೆ ಬಾಯಿ ಹಾಕುವುದಕ್ಕೆ ಹೆಕಲ್ ಎನ್ನುತ್ತಾರೆ; ಹೆಕಲ್ ಮಾಡಿದರೆ ಕಲಾವಿದರಿಗೆ ಸಹಾಯವಾಗುತ್ತದೆ ಎಂಬ ನಂಬಿಕೆ ರೀಲ್ಸ್ ನೋಡಿ ನೋಡಿ ಹುಟ್ಟಿದ್ದು. ನಾಲ್ಕು ನಿಮಿಷ ಸಿಕ್ಕವರಿಂದ ಒಂದು ನಿಮಿಷ ಕಿತ್ತುಕೊಂಡರೆ ಅವರು ಪರೀಕ್ಷಿಸಲು ತಂದ ಕಾಲು ಭಾಗ ಅಲ್ಲಿಗೇ ಉಳಿದುಬಿಡುತ್ತದೆ. ಸಮಯ ಮುಗಿಯುತ್ತಿದೆ ಎಂದು ತಿಳಿಸಲು ಕೋಣೆಯ ಹಿಂದಿನಿಂದ ಯಾರೋ ಫೋನಿನ ಟಾರ್ಚ್ ಬೆಳಗಿಸುತ್ತಾರೆ. ಅದು ಕಂಡೊಡನೆ ಕಲಾವಿದರು ಕೊನೆಯ, ಬಹುಪಾಲು ಅತ್ಯುತ್ತಮ ಜೋಕಿನ ಕಡೆ ತಿರುಗುತ್ತಾರೆ. ಶೌಚಾಲಯಕ್ಕೆ ಏಳುವುದಿದ್ದರೆ ಆ ಬೆಳಕು ಆರಿ, ಚಪ್ಪಾಳೆ ಬಿದ್ದು, ಹೋಸ್ಟ್ ಮತ್ತೆ ಬರುವವರೆಗೆ ತಡೆಯಬೇಕು.

ಫೋನಿನ ವಿಷಯದಲ್ಲಿ ಎಲ್ಲ ಕ್ಲಬ್ಬುಗಳೂ ಕಟ್ಟುನಿಟ್ಟು. ಚಿತ್ರೀಕರಿಸಬೇಡಿ ಎಂಬ ನಿಯಮದ ಹಿಂದೆ ಹೊಟ್ಟೆಪಾಡಿನ ಲೆಕ್ಕವಿದೆ: ಹಾಡನ್ನು ನೂರು ಬಾರಿ ಕೇಳಬಹುದು, ಜೋಕಿನ ಜೀವ ಅಚ್ಚರಿಯಲ್ಲಿರುವುದರಿಂದ ಒಮ್ಮೆ ಹೊರಬಿದ್ದರೆ ಅದು ಖರ್ಚಾದಂತೆಯೇ. ಒಂದು ವರ್ಷ ತಿದ್ದಿ ತೀಡಿದ ಹತ್ತು ನಿಮಿಷವನ್ನು ಯಾರೋ ಇಪ್ಪತ್ತು ಸೆಕೆಂಡಿನ ತುಣುಕು ಮಾಡಿ ವಾಟ್ಸಾಪಿಗೆ ಹಾಕಿದರೆ ನಷ್ಟ ನೇರವಾಗಿ ಕಲಾವಿದರದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿಯನ್ನು ಪ್ರೇಕ್ಷಕರು ಅಷ್ಟಾಗಿ ಗಮನಿಸುವುದಿಲ್ಲ. ಕ್ರೌಡ್ ವರ್ಕ್ ತುಣುಕುಗಳಿಗೆ ಈಗ ಬೇಡಿಕೆ ಹೆಚ್ಚಿರುವುದರಿಂದ ಅನೇಕ ಕಲಾವಿದರು ತಮ್ಮ ಕಾರ್ಯಕ್ರಮಗಳನ್ನು ತಾವೇ ಚಿತ್ರೀಕರಿಸುತ್ತಾರೆ, ಮುಂದಿನ ಸಾಲಿನಲ್ಲಿ ಕೂತು ಮಾತನಾಡಿದವರ ಮುಖ ಮತ್ತು ಮಾತು ಮರುವಾರ ಲಕ್ಷಾಂತರ ಜನರ ಪರದೆಗೆ ತಲುಪಬಹುದು. ಕಚೇರಿಗೆ ಹುಷಾರಿಲ್ಲವೆಂದು ಹೇಳಿ ಬಂದವರಿಗೆ ಇದು ಸಣ್ಣ ವಿಷಯವೇನಲ್ಲ. ಹಾಗೆ ಕಾಣಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಬಾಗಿಲಲ್ಲೇ ತಿಳಿಸಿ ಹಿಂದೆ ಕೂರಿ. ಮಾತನಾಡಿದ ಮೇಲೆ ಬೇಡವೆನಿಸಿದರೆ ಕಾರ್ಯಕ್ರಮ ಮುಗಿದೊಡನೆ ಕಲಾವಿದರನ್ನೇ ಕಂಡು ಆ ಭಾಗವನ್ನು ಹಾಕದಂತೆ ಕೇಳಿ.

ಚೆನ್ನಾಗಿಲ್ಲದ ಸೆಟ್, ಅಂದರೆ ಒಬ್ಬ ಕಲಾವಿದರ ಸರದಿಯ ಮಾತು, ಒಂದಾದರೂ ಬಂದೇ ಬರುತ್ತದೆ. ಆಗ ಕರುಣೆಯಿಂದ ಸುಳ್ಳು ನಗು ನಗಬೇಕಾದ ಅಗತ್ಯವಿಲ್ಲ, ಅದರಿಂದ ಅವರಿಗೆ ತಪ್ಪು ಲೆಕ್ಕ ಸಿಗುತ್ತದೆ. ಮೌನವಾಗಿ ಕೇಳಿ, ಕೊನೆಗೆ ಚಪ್ಪಾಳೆ ತಟ್ಟಿದರೆ ನಿಮ್ಮ ಕರ್ತವ್ಯ ಮುಗಿಯಿತು. ಮಾತು ಮನಸ್ಸಿಗೆ ನೋವುಂಟುಮಾಡುವ ಮಟ್ಟಕ್ಕೆ ಹೋದರೆ ಎರಡು ಸೆಟ್ಟುಗಳ ನಡುವೆ ಸದ್ದಿಲ್ಲದೆ ಎದ್ದು ಹೋಗಬಹುದು, ಯಾರೂ ತಡೆಯುವುದಿಲ್ಲ. ಓಪನ್ ಮೈಕಿನಲ್ಲಿ ಮಾತನಾಡಿದವರಿಗೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ, ಕೆಲವು ಕಡೆ ವೇದಿಕೆಯ ಅವಕಾಶಕ್ಕೆ ಅವರೇ ಹಣ ಕಟ್ಟಿರುತ್ತಾರೆ. ಹೊರಗೆ ಹೋಗುವಾಗ ಡಬ್ಬಿಯೋ ಕ್ಯೂಆರ್ ಕೋಡೋ ಇಟ್ಟಿದ್ದರೆ ಐವತ್ತು ರೂಪಾಯಿ ಹಾಕುವುದು ನ್ಯಾಯ.

ಒಂದೂವರೆ ಗಂಟೆಯ ಕಾರ್ಯಕ್ರಮ ಒಂಬತ್ತೂವರೆಗೆ ಮುಗಿದರೆ ಮೆಟ್ರೊ ಹಿಡಿಯಲು ಸಾಕಷ್ಟು ಸಮಯವಿರುತ್ತದೆ, ಹತ್ತು ಗಂಟೆಗೆ ಶುರುವಾಗುವ ಎರಡನೆಯ ಪ್ರದರ್ಶನಕ್ಕೆ ಹೋದವರು ಮಾತ್ರ ಆಟೊ ದರವನ್ನೂ ಟಿಕೆಟ್ಟಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಿರುವುದರಿಂದ ಹೋಗುವ ದಾರಿಯ ಖರ್ಚಾದರೂ ಉಳಿಯುತ್ತದೆ. ಅಂದು ರಾತ್ರಿ ಮೆಚ್ಚುಗೆಯಾದ ಕಲಾವಿದರ ಹೆಸರು ಮರೆಯುವ ಮುನ್ನ ಇನ್‌ಸ್ಟಾಗ್ರಾಂನಲ್ಲಿ ಅವರನ್ನು ಹಿಂಬಾಲಿಸಿಬಿಡಿ. ಮುಂದಿನ ಟ್ರಯಲ್ ಶೋಗೆ ಜನ ಸೇರಿಸಲು ಅವರು ಅರ್ಧ ದರದ ಕೋಡನ್ನು ಸ್ಟೋರಿಯಲ್ಲಿ ಹಾಕುವುದುಂಟು, ಅದು ಇಪ್ಪತ್ನಾಲ್ಕು ಗಂಟೆ ಮಾತ್ರ ಅಲ್ಲಿರುತ್ತದೆ.