ಪರ್ತ್‌ಗೆ ಹೊಸಬರೇ, ಹಿತ್ತಲ ಮರ್ರಿ ಮರ ಕಡಿಸುವ ಮುಂಚೆ

ನೀಲಗಿರಿ ಬಳಗದ ಈ ಮರದಿಂದ ಟಪಟಪ ಅಂತ ಗಟ್ಟಿ ಕಾಯಿ ಬಿದ್ದು ಕಾರಿಗೆ ಗೀರು ಬೀಳುತ್ತೆ, ಮೇಲೆ ಕರ್ಕಶ ಕೂಗು ಬೇರೆ. ‘ಕಡಿಸಿಬಿಡೋಣ’ ಅನ್ನುವ ಮಾತು ಪರ್ತ್‌ನ ನಮ್ಮವರ ಮನೆಗಳಲ್ಲಿ ಆಗಾಗ ಕೇಳಿಬರುತ್ತೆ. ಸ್ವಲ್ಪ ತಡೆಯಿರಿ. ಬಾಲದಲ್ಲಿ ಬಿಳಿ ಪಟ್ಟಿ ಇದ್ದರೆ ಮೇಲೆ ಕೂತಿರುವುದು ಬಹುಶಃ ಗಿಳಿ ಬಳಗದ ಕಾರ್ನಬೀಸ್ ಕರಿ ಕಾಕಟೂ. ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಅಳಿವಿನಂಚಿನ ಹಕ್ಕಿ. 1948ರಲ್ಲಿ ಇದನ್ನು ವೈಜ್ಞಾನಿಕವಾಗಿ ವಿವರಿಸಿದ ಐವನ್ ಕಾರ್ನಬಿ ಅವರ ಹೆಸರೇ ಇದಕ್ಕೆ.

ಇದರ ಸಂಸಾರ ಎರಡೂರಿನದು. ಜುಲೈನಿಂದ ಡಿಸೆಂಬರ್‌ವರೆಗೆ ಒಳನಾಡಿನ ಗೋಧಿ ಸೀಮೆಯಲ್ಲಿ ಬಾಣಂತನ. ಸಾಲ್ಮನ್ ಗಮ್, ವಾಂಡೂ ಮರಗಳ ಪೊಟರೆಯೇ ಆಗಬೇಕು. ಅಷ್ಟು ದೊಡ್ಡ ಪೊಟರೆಯಾಗಲು ಮರಕ್ಕೆ ನೂರು ವರ್ಷವಾದರೂ ಬೇಕು, ಆ ಮರಗಳನ್ನೋ ಹೊಲಕ್ಕಾಗಿ ಬಹುಪಾಲು ಕಡಿದಾಗಿದೆ. ಒಂದೆರಡು ಮೊಟ್ಟೆ ಇಟ್ಟರೂ ಉಳಿಯುವುದು ಸಾಮಾನ್ಯವಾಗಿ ಒಂದೇ ಮರಿ. ಬೇಸಿಗೆಗೆ ಮರಿ ಸಮೇತ ಕರಾವಳಿಗೆ ಬರುತ್ತವೆ, ಬ್ಯಾಂಕ್ಸಿಯಾ ಎಂಬ ಇಲ್ಲಿನ ದೇಸಿ ಗಿಡದ ಮತ್ತು ಮರ್ರಿಯ ಬೀಜಕ್ಕಾಗಿ. ಅದೇ ಬ್ಯಾಂಕ್ಸಿಯಾ ಕಾಡಿನ ಮರಳು ನೆಲದಲ್ಲೇ ನಮ್ಮ ಹೊಸ ಬಡಾವಣೆಗಳು ಎದ್ದಿವೆ. ‘ಹೌಸ್ ಅಂಡ್ ಲ್ಯಾಂಡ್’ ಜಾಹೀರಾತಿನಲ್ಲಿ ಈ ಸಂಗತಿ ಬರುವುದಿಲ್ಲ ಬಿಡಿ. ಉಳಿದ ಇನ್ನೊಂದು ಮುಖ್ಯ ಊಟದ ಜಾಗವೆಂದರೆ ಪರ್ತ್‌ನ ಉತ್ತರಕ್ಕಿರುವ ನಂಗಾರಾದ ಪೈನ್ ತೋಪು. ಅದನ್ನೂ ಕಡಿಯುತ್ತ ಬಂದಿದ್ದಾರೆ.

ಗಂಡಿಗೆ ಕಪ್ಪು ಕೊಕ್ಕು, ಕಣ್ಣಿನ ಸುತ್ತ ಗುಲಾಬಿ ಬಳೆ. ಹೆಣ್ಣಿನ ಕೊಕ್ಕು ಮೂಳೆ ಬಣ್ಣ. ಬಾಲ ಕೆಂಪಗಿದ್ದರೆ ಅದು ಬೇರೆ ಜಾತಿ. ನಮ್ಮೂರಿನ ಹುಚ್ಚುಬೇವನ್ನೇ ಇಲ್ಲಿ ಕೇಪ್ ಲೈಲಾಕ್ ಎಂದು ಬೀದಿಬದಿ ನೆಟ್ಟಿದ್ದಾರಲ್ಲ, ಅದರ ಕಾಯಿಗೆ ಬರುವುದು ಅದೇ.

ಕಾರನ್ನು ಮರದಡಿಯಿಂದ ಆಚೆ ನಿಲ್ಲಿಸಿ, ಅಷ್ಟು ಸಾಕು. ಮರ ಅಪಾಯಕಾರಿ ಅನ್ನಿಸಿದರೆ ಕೌನ್ಸಿಲ್‌ನಲ್ಲಿ ವಿಚಾರಿಸದೆ ಕೈ ಹಾಕಬೇಡಿ. ಅಂಗಳಕ್ಕೆಲ್ಲ ಹುಲ್ಲುಹಾಸು ಹಾಕುವ ಬದಲು ಒಂದೆರಡು ಬ್ಯಾಂಕ್ಸಿಯಾ ನೆಡಿ, ಮರಳಲ್ಲಿ ಚೆನ್ನಾಗಿ ಬರುತ್ತೆ. ಅಜ್ಜಿ ಕಾಗೆಗೆ ಅನ್ನ ಇಟ್ಟ ಹಾಗೆ ಇವಕ್ಕೆ ತಿಂಡಿ ಇಡಬೇಡಿ. ನೀರಿನ ಬೋಗುಣಿ ಇಡಿ, ದಿನಾ ತೊಳೆಯಿರಿ. ರಸ್ತೆಬದಿಯ ನೀರಿಗೆ ಹಿಂಡು ಇಳಿದಿದ್ದರೆ ಕಾರು ನಿಧಾನಿಸಿ. ಮೇಲೇಳುವಾಗ ಡಿಕ್ಕಿಯಾಗಿ ಸಾಯುವುದು ಬಹಳ. ಪೆಟ್ಟಾದದ್ದು ಕಂಡರೆ ಬರಿಗೈಯಲ್ಲಿ ಹಿಡಿಯಬೇಡಿ, ಗಟ್ಟಿ ಕಾಯನ್ನೇ ಒಡೆಯುವ ಕೊಕ್ಕದು. ವೈಲ್ಡ್‌ಕೇರ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಪರ್ತ್ ಮೃಗಾಲಯದ ವೈದ್ಯರು ಇವಕ್ಕೆ ಚಿಕಿತ್ಸೆ ಕೊಡುತ್ತಾರೆ, ಆಮೇಲೆ ಕಾರಾಕಿನ್ ಕೇಂದ್ರದಂಥ ಕಡೆ ಆರೈಕೆ ಮಾಡಿ ಹಾರಿಬಿಡುತ್ತಾರೆ.