ಅಡುಗೆಮನೆ ಕಪಾಟಿನ ಕೆಲಸಕ್ಕೆ ಪುಟ್ಟ ಡ್ರಿಲ್ ಸಾಕಾ?

ಸಾಕು. ಗಟ್ಟಿ ಗೋಡೆಯ ಕೆಲಸ ಒಂದನ್ನು ಬಿಟ್ಟರೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಡ್ರಿಲ್ ಕೇಳಿದರೆ ಮೊದಲು ದೊಡ್ಡದನ್ನೇ ತೋರಿಸುತ್ತಾರೆ, 18 ವೋಲ್ಟಿನದ್ದು, ಹ್ಯಾಮರ್ (ಬಡಿಯುತ್ತಾ ಕೊರೆಯುವ ವ್ಯವಸ್ಥೆ) ಇರುವಂಥದ್ದು. ಆದರೆ ಮಾಡ್ಯುಲರ್ ಕಿಚನ್ ಜೋಡಿಸುವಾಗ ಮುಕ್ಕಾಲು ಪಾಲು ಕೆಲಸ ಕಪಾಟಿನ ಒಳಗೇ ಇರುತ್ತದೆ. ಹಿಂಜ್, ಚಾನೆಲ್ (ಡ್ರಾಯರ್ ಜಾರುವ ಪಟ್ಟಿ), ಹ್ಯಾಂಡಲ್, ಪಕ್ಕದ ಬಾಕ್ಸಿಗೆ ಈ ಬಾಕ್ಸನ್ನು ಸೇರಿಸುವ ಸ್ಕ್ರೂ. ಅಲ್ಲಿ ಬೇಕಾಗಿದ್ದು ಶಕ್ತಿ ಅಲ್ಲ, ಹಿಡಿತ. 12 ವೋಲ್ಟಿನ ಡ್ರಿಲ್ ಬ್ಯಾಟರಿ ಸೇರಿ ಸುಮಾರು ಒಂದು ಕೆಜಿ ತೂಗುತ್ತದೆ, ಉದ್ದ ಒಂದು ಗೇಣಿಗಿಂತ ಕಮ್ಮಿ, ಹಾಗಾಗಿ ಸಿಂಕ್ ಕೆಳಗೆ ತಲೆ ತೂರಿಸಿ ಒಂದೇ ಕೈಯಲ್ಲಿ ಹಿಡಿದು ಕೆಲಸ ಮಾಡಬಹುದು. ಅಂದಹಾಗೆ, ಪೆಟ್ಟಿಗೆ ಮೇಲೆ 12 ಎಂದೂ ಇರುತ್ತದೆ, 10.8 ಎಂದೂ ಇರುತ್ತದೆ. ಎರಡೂ ಒಂದೇ. ಒಳಗೆ 3.6 ವೋಲ್ಟಿನ ಮೂರು ಸೆಲ್ ಇರುತ್ತವೆ ಅಷ್ಟೆ.

ಕೊಳ್ಳುವಾಗ ನೋಡಬೇಕಾದ್ದು: 10 ಮಿ.ಮೀ. ಚಕ್ (ಬಿಟ್ ಹಿಡಿಯುವ ಬಾಯಿ), ಎರಡು ಗೇರ್, 20ರ ಆಸುಪಾಸು ನಂಬರ್ ಇರುವ ಕ್ಲಚ್ ರಿಂಗ್, ಜೊತೆಗೆ ಎರಡು ಬ್ಯಾಟರಿ. ಒಂದೇ ಬ್ಯಾಟರಿಯ ಕಿಟ್ ಅಗ್ಗ ಅಂತ ತಗೊಂಡರೆ ಅರ್ಧ ಶಟರ್ (ಕಪಾಟಿನ ಬಾಗಿಲು) ಹಾಕಿ ಚಾರ್ಜ್ ಆಗುವುದನ್ನು ಕಾಯುತ್ತಾ ಕೂರಬೇಕು. ಕರೆಂಟ್ ಹೋದರಂತೂ ಮುಗಿಯಿತು.

ಈಗ ಕ್ಲಚ್ ವಿಷಯ. ಚಕ್ ಹಿಂದೆ ನಂಬರ್ ಬರೆದ ಉಂಗುರ ಇರುತ್ತದಲ್ವಾ, ಅದನ್ನು ತಿರುಗಿಸದೆಯೇ ವರ್ಷಗಟ್ಟಲೆ ಡ್ರಿಲ್ ಬಳಸುವವರಿದ್ದಾರೆ. ಅಡುಗೆಮನೆ ಕೆಲಸದಲ್ಲಿ ಈ ಉಂಗುರವೇ ಮುಖ್ಯ. ಡ್ರಿಲ್ ಚಿತ್ರಕ್ಕೆ ತಿರುಗಿಸಿದರೆ ಕ್ಲಚ್ ಕೆಲಸ ಮಾಡುವುದಿಲ್ಲ, ಪೂರ್ತಿ ಜೋರು ಬಿಟ್ಟಿಗೇ ಹೋಗುತ್ತದೆ. ಅದು ತೂತು ಕೊರೆಯಲು ಮಾತ್ರ. ಸ್ಕ್ರೂ ಹಾಕುವಾಗ ನಂಬರಿಗೆ ತನ್ನಿ. ಯಾವ ನಂಬರ್? ಅದು ಹಲಗೆ ಮೇಲೆ ಹೋಗುತ್ತದೆ. ಅದೇ ಹಲಗೆಯ ತುಂಡೊಂದನ್ನು ತಗೊಂಡು 3 ಅಥವಾ 4ರಿಂದ ಶುರು ಮಾಡಿ, ಒಂದೊಂದೇ ನಂಬರ್ ಏರಿಸುತ್ತಾ ಹೋಗಿ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ಟಕಟಕ ಸದ್ದು ಮಾಡಿ ನಿಂತರೆ ಅದೇ ನಿಮ್ಮ ನಂಬರ್. ಪಾರ್ಟಿಕಲ್ ಬೋರ್ಡಿಗೆ ಕಮ್ಮಿ ಸಾಕು, ಪ್ಲೈವುಡ್‌ಗೆ ಸ್ವಲ್ಪ ಜಾಸ್ತಿ, ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ಗಟ್ಟಿ ಫೈಬರ್) ಹಲಗೆಗೆ ಇನ್ನೂ ಜಾಸ್ತಿ. ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಒಂದು ಸುತ್ತು ಹೆಚ್ಚಾದರೂ ಒಳಗೆ ಪುಡಿಪುಡಿ ಆಗಿ ಹಿಡಿತ ಹೋಗುತ್ತದೆ, ಆರು ತಿಂಗಳಲ್ಲಿ ಹಿಂಜ್ ಕಿತ್ತು ಕೈಗೆ ಬರುತ್ತದೆ. ಇಂಪ್ಯಾಕ್ಟ್ ಡ್ರೈವರ್ (ಪೆಟ್ಟು ಕೊಡುತ್ತಾ ಜೋರಾಗಿ ಸ್ಕ್ರೂ ತಿರುಗಿಸುವ ಮಿಷನ್) ಇದೆ ಎಂದು ಅದರಲ್ಲಿ ಹಿಂಜ್ ಸ್ಕ್ರೂ ಹಾಕಲು ಹೋಗಬೇಡಿ, ಕಾರಣ ಇದೇ.

ಗೇರ್ ಸರಳ. 1 ನಿಧಾನ, ಬಲ ಜಾಸ್ತಿ: ಸ್ಕ್ರೂಗೆ, ದೊಡ್ಡ ತೂತಿಗೆ. 2 ವೇಗ: 3, 4, 5 ಮಿ.ಮೀ. ಸಣ್ಣ ತೂತಿಗೆ. ಡ್ರಿಲ್ ತಿರುಗುತ್ತಿರುವಾಗ ಗೇರ್ ಬದಲಿಸಬೇಡಿ.

ಹಿಂಜ್ ಕಪ್ಪಿನ (ಶಟರಿನೊಳಗೆ ಕೂರುವ ಹಿಂಜಿನ ಗುಂಡನೆ ಭಾಗದ) ತೂತು 35 ಮಿ.ಮೀ. ಪುಟ್ಟ ಡ್ರಿಲ್‌ಗೆ ಇದೇ ಅತಿ ಕಷ್ಟದ ಕೆಲಸ, ಆದರೆ ಆಗುತ್ತದೆ. ಶಟರ್ ಅಂಚಿಗೂ ಕಪ್ಪಿಗೂ ನಡುವೆ 5 ಮಿ.ಮೀ. ಬಿಡಬೇಕಾದರೆ ತೂತಿನ ನಡುಬಿಂದು ಅಂಚಿನಿಂದ 22.5 ಮಿ.ಮೀ. ಒಳಗೆ ಬರುತ್ತದೆ. ಸಾಮಾನ್ಯವಾಗಿ ಈ ಅಂತರ 3ರಿಂದ 6ರೊಳಗೆ ಇರುತ್ತದೆ, ಹಿಂಜ್ ಪ್ಯಾಕೆಟ್ ಮೇಲಿನ ಚಿತ್ರದಲ್ಲಿ ಎಷ್ಟಿದೆ ನೋಡಿಕೊಳ್ಳಿ. ಮೇಲೆ ಕೆಳಗೆ ಸುಮಾರು 100 ಮಿ.ಮೀ. ಬಿಟ್ಟು ಗುರುತು ಮಾಡಿ, ಒಳಗೆ ಶೆಲ್ಫ್ ಅಡ್ಡ ಬರುತ್ತದಾ ಅಂತಲೂ ನೋಡಿ, ಆಮೇಲೆ ಮೊಳೆಯಿಂದ ನಡುಬಿಂದುವಿಗೆ ಒಂದು ಪೆಟ್ಟು ಹಾಕಿ ಕುಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಲ್ಯಾಮಿನೇಟ್ ಮೇಲೆ ಬಿಟ್ ಜಾರಿ ಗೀರು ಬೀಳುತ್ತದೆ. ಶಟರನ್ನು ಕ್ಲ್ಯಾಂಪ್ ಹಾಕಿ ಮೇಜಿಗೆ ಬಿಗಿ ಮಾಡಿ. ಒಂದನೇ ಗೇರ್, ಕ್ಲಚ್ ಡ್ರಿಲ್ ಚಿತ್ರಕ್ಕೆ. ಡ್ರಿಲ್ ನೆಟ್ಟಗೆ ಇರಲಿ, ಸ್ವಲ್ಪ ಒತ್ತಿ, ಆಗಾಗ ಎತ್ತಿ ಪುಡಿ ಹೊರಗೆ ಹಾಕಿ. ಕಪ್ಪಿಗೆ ಬೇಕಾದ ಆಳ 12ರಿಂದ 13 ಮಿ.ಮೀ. ಮಾತ್ರ. ಶಟರ್ ಇರುವುದೇ 18 ಮಿ.ಮೀ., ಬಿಟ್ಟಿನ ನಡುವಿನ ಚೂಪು ಇನ್ನೂ ಸ್ವಲ್ಪ ಮುಂದೆ ಚಾಚಿರುತ್ತದೆ. ಅಂದರೆ ಉಳಿಯುವ ದಪ್ಪ ನಾಲ್ಕೈದು ಮಿಲಿಮೀಟರ್ ಅಷ್ಟೆ. ಆಳ ತಡೆಯುವ ಸ್ಟಾಪರ್ ಇರುವ ಹಿಂಜ್ ಬಿಟ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಹೊಗೆ ಬಂದರೆ ಸಾಮಾನ್ಯವಾಗಿ ಬಿಟ್ ಮೊಂಡಾಗಿದೆ ಎಂದರ್ಥ, ಇನ್ನಷ್ಟು ಒತ್ತಿ ಪ್ರಯೋಜನವಿಲ್ಲ.

ಬಾಕ್ಸ್ ಕಡೆ ಹಿಂಜಿನ ಪ್ಲೇಟ್ ಬರುತ್ತದೆ. ಶಟರ್ ಬಾಕ್ಸಿನ ಮೇಲೆ ಕೂರುವ ಹಾಗಿದ್ದರೆ ಪ್ಲೇಟಿನ ಸ್ಕ್ರೂಗಳು ಮುಂದಿನ ಅಂಚಿನಿಂದ 37 ಮಿ.ಮೀ. ಹಿಂದೆ, ಒಂದರಿಂದ ಒಂದಕ್ಕೆ 32 ಮಿ.ಮೀ. ದೂರ. ಶಟರ್ ಬಾಕ್ಸಿನ ಒಳಗೇ ಕೂರುವುದಾದರೆ 37ಕ್ಕೆ ಶಟರಿನ ದಪ್ಪವನ್ನೂ ಸೇರಿಸಿ.

ಚಾನೆಲ್‌ಗೆ ಡ್ರಿಲ್‌ಗಿಂತ ಅಳತೆ ಮುಖ್ಯ. ಮಾಮೂಲಿ ಟೆಲಿಸ್ಕೋಪಿಕ್ ಚಾನೆಲ್ ಪ್ರತಿ ಬದಿಗೆ ಸುಮಾರು 12.7 ಮಿ.ಮೀ. ಜಾಗ ತಿನ್ನುತ್ತದೆ, ಹಾಗಾಗಿ ಡ್ರಾಯರಿನ ಹೊರ ಅಗಲ ಬಾಕ್ಸಿನ ಒಳ ಅಗಲಕ್ಕಿಂತ 25ರಿಂದ 26 ಮಿ.ಮೀ. ಕಮ್ಮಿ ಇರಬೇಕು. 18 ಮಿ.ಮೀ. ಹಲಗೆಗೆ 16 ಮಿ.ಮೀ. ಸ್ಕ್ರೂ ಹಾಕಿ. 25ರದ್ದು ಹಾಕಿದರೆ ಪಕ್ಕದ ಬಾಕ್ಸಿನಲ್ಲಿ ತುದಿ ಇಣುಕುತ್ತದೆ. ಮೊದಲು ಉದ್ದ ಸೀಳಿನ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿ, ಡ್ರಾಯರ್ ಎಳೆದು ತಳ್ಳಿ ನೋಡಿ, ಸರಿ ಇದ್ದರೆ ಗುಂಡನೆ ತೂತಿಗೂ ಹಾಕಿ ಬಿಗಿ ಮಾಡಿ.

ಯಾವ ಸ್ಕ್ರೂ ಆದರೂ ಮೊದಲು ಸಣ್ಣ ತೂತು ಕೊರೆಯುವುದು ಒಳ್ಳೆಯದು. 4 ಮಿ.ಮೀ. ಸ್ಕ್ರೂಗೆ 2.5ರಿಂದ 3 ಮಿ.ಮೀ. ಬಿಟ್ ಸಾಕು. ಹಲಗೆಯ ಅಂಚಿನಿಂದ ದಪ್ಪದೊಳಗೆ ಸ್ಕ್ರೂ ಹೋಗುವ ಕಡೆಯಂತೂ ಇದು ಬೇಕೇ ಬೇಕು, ಇಲ್ಲದಿದ್ದರೆ ಹಲಗೆ ಸೀಳುತ್ತದೆ. ಎರಡು ಬಾಕ್ಸ್ ಸೇರಿಸುವಾಗ ಕ್ಲ್ಯಾಂಪ್ ಹಾಕಿ, ಮುಂದಿನ ಅಂಚು ಬೆರಳಾಡಿಸಿದರೆ ತಡೆಯದ ಹಾಗೆ ಹೊಂದಿಸಿ, 30 ಮಿ.ಮೀ. ಸ್ಕ್ರೂ ಬಿಡಿ. ಎರಡೂ ಹಲಗೆ ಸೇರಿ 36 ಆಗುವುದರಿಂದ ಆಚೆ ಬರುವುದಿಲ್ಲ. ಕಪ್ಪು ಡ್ರೈವಾಲ್ ಸ್ಕ್ರೂ ಎಲ್ಲರೂ ಬಳಸುತ್ತಾರೆ, ಅಗ್ಗವೂ ಹೌದು, ಆದರೆ ಅದು ಪೆಡಸು. ಜಾಸ್ತಿ ಬಿಗಿದರೆ ಕುತ್ತಿಗೆ ಮುರಿಯುತ್ತದೆ, ಸಿಂಕಿನ ಹತ್ತಿರ ತೇವಕ್ಕೆ ತುಕ್ಕೂ ಹಿಡಿಯುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಬಿಚ್ಚಿದ ಸ್ಕ್ರೂ ಹಳೇ ತೂತಿಗೇ ಮತ್ತೆ ಹಾಕುವಾಗ ಒಂದು ಉಪಾಯ: ಮೊದಲು ಹಿಂದಕ್ಕೆ ನಿಧಾನ ತಿರುಗಿಸಿ, ಸ್ಕ್ರೂ ಟಕ್ ಅಂತ ಒಂದು ಚೂರು ಕೆಳಗೆ ಬೀಳುತ್ತದೆ, ಆಗ ಮುಂದಕ್ಕೆ ತಿರುಗಿಸಿ. ಸ್ಕ್ರೂ ಮೊದಲು ಮೂಡಿಸಿದ ಸುತ್ತಿನ ಗೆರೆಗೇ ಕೂರುತ್ತದೆ. ತೂತು ಆಗಲೇ ಸಡಿಲ ಆಗಿದ್ದರೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ತುರುಕಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಮತ್ತೆ ಕೊರೆಯಿರಿ.

ಹ್ಯಾಂಡಲ್ ತೂತು ಮುಂಭಾಗದಿಂದ ಕೊರೆಯಿರಿ, 5 ಮಿ.ಮೀ. ಬಿಟ್, ಹಿಂದೆ ಒಂದು ಮರದ ತುಂಡು ಒತ್ತಿ ಹಿಡಿದು. ಹಾಗೆ ಮಾಡದಿದ್ದರೆ ಹೊರಬರುವ ಕಡೆ ಲ್ಯಾಮಿನೇಟ್ ಚಕ್ಕೆ ಏಳುತ್ತದೆ. 96, 128, 160 ಮಿ.ಮೀ. ಅಂತರದ ಹ್ಯಾಂಡಲ್ ಸಿಗುತ್ತವೆ, ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡರೆ ಎಲ್ಲಾ ಶಟರಿಗೂ ಅದೇ ಆಗುತ್ತದೆ.

ಇನ್ನು ಗೋಡೆ. ಮೇಲಿನ ಕಪಾಟು ತೂಗು ಹಾಕುವ ಕಡೆ ಕಾಂಕ್ರೀಟ್ ಬೀಮ್ ಅಥವಾ ಲಿಂಟಲ್ ಇದ್ದರೆ ಈ ಡ್ರಿಲ್ ಪಕ್ಕಕ್ಕಿಡಿ. ರೋಟರಿ ಹ್ಯಾಮರ್ ಬಾಡಿಗೆಗೆ ಸಿಗುತ್ತದೆ, ಅರ್ಧ ದಿನಕ್ಕೆ ತನ್ನಿ. ಹಗುರ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಕಾಂಕ್ರೀಟ್ ಇಟ್ಟಿಗೆ) ಗೋಡೆಯಾದರೆ ಪುಟ್ಟ ಡ್ರಿಲ್ಲೇ ಸಾಕು, ಹ್ಯಾಮರ್ ಹಾಕಿದರೆ ತೂತು ಅಗಲ ಆಗಿ ಕೆಟ್ಟುಹೋಗುತ್ತದೆ. ಆ ಗೋಡೆಗೆಂದೇ ಬರುವ ಪ್ಲಗ್ ಕೇಳಿ ತಗೊಳ್ಳಿ, ಮಾಮೂಲಿ ಪ್ಲಗ್ ಭಾರ ತಡೆಯುವುದಿಲ್ಲ. ಟೈಲ್ಸ್ ಇದ್ದರೆ ಮಾಸ್ಕಿಂಗ್ ಟೇಪ್ ಅಂಟಿಸಿ, ಈಟಿ ಮೂತಿಯ ಟೈಲ್ಸ್ ಬಿಟ್‌ನಿಂದ, ಹ್ಯಾಮರ್ ಇಲ್ಲದೆ ನಿಧಾನವಾಗಿ, ಟೈಲ್ಸ್ ದಾಟುವವರೆಗೆ ಮಾತ್ರ. ಆಮೇಲೆ ದೊಡ್ಡ ಮಿಷನ್. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ, ನಲ್ಲಿಯ ನೇರಕ್ಕೂ ಕೊರೆಯಬೇಡಿ. ಒಳಗೆ ವೈರ್, ಪೈಪ್ ಹೋಗಿರುವುದು ಸಾಮಾನ್ಯವಾಗಿ ಅಲ್ಲೇ.

ಕಣ್ಣು ಕಾಯುವ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ, ತಲೆ ಮೇಲೆ ಕೊರೆಯುವಾಗಂತೂ ಬಿಡಲೇಬೇಡಿ. ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು, ಬಟ್ಟೆಯ ಗ್ಲೌಸ್ ಯಾವುದೂ ಚಕ್ ಹತ್ತಿರ ಬೇಡ. ಬಿಟ್ ಬದಲಿಸುವಾಗ ಬ್ಯಾಟರಿ ತೆಗೆಯಿರಿ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಬಿಡಬೇಡಿ, ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್ ಇರಲಿ.

ಎಲ್ಲಾ ಶಟರ್ ಹಾಕಿದ ಮೇಲೆ ಹಿಂಜಿನ ಅಡ್ಜಸ್ಟ್ ಸ್ಕ್ರೂಗಳಿಗೆ ಡ್ರಿಲ್ ಮುಟ್ಟಿಸಬೇಡಿ, ಕೈ ಸ್ಕ್ರೂಡ್ರೈವರ್ ತಗೊಳ್ಳಿ. ಮುಂದಿನ ಸ್ಕ್ರೂ ಶಟರನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಗೆ ಹೊರಗೆ. ಎರಡು ಶಟರ್ ನಡುವೆ 3 ಮಿ.ಮೀ. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬರುವ ತನಕ ಕಾಲು ಸುತ್ತು, ಅರ್ಧ ಸುತ್ತು ಅಂತ ತಿರುಗಿಸುತ್ತಾ ಹೋಗಿ. ಮೇಲಿನ ಹಿಂಜ್ ಮುಟ್ಟಿದರೆ ಕೆಳಗಿನದನ್ನೂ ನೋಡಲೇಬೇಕು.